ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಕೆ.ಜಿ. ಡಬ್ಬಿಗೆ 215 ರೂ. ಸಾಕಾಗುತ್ತದಾ? ಅಂಗಡಿಯವರು ಶೇ. 25 ಕೇಳುತ್ತಿದ್ದಾರೆ

ಮಿಡಿಭರಣಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಾಲ್ಕು ಜನ ಹೆಂಗಸರು ಸೇರಿ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡುತ್ತಿದ್ದೇವೆ. ಮಾರ್ಚ್–ಏಪ್ರಿಲ್‌ನಲ್ಲಿ 8,000 ಮಿಡಿ ಉಪ್ಪಿಗೆ ಹಾಕಿ, ವರ್ಷವಿಡೀ ಸಾವಿರ ಸಾವಿರದಂತೆ ತೆಗೆದು ಖಾರ ಹಾಕುತ್ತೇವೆ. ಇಷ್ಟು ದಿನ ಪರಿಚಯದವರಿಗಷ್ಟೇ ಕೊಡುತ್ತಿದ್ದೆವು. ಈ ಸಲ ಪೇಟೆಯ ಅಂಗಡಿಗಳಿಗೂ ಹಾಕುವ ಯೋಚನೆ.

ಸಾವಿರ ಮಿಡಿಯ ಖರ್ಚು ಹೀಗಿದೆ. ಮಿಡಿ ಒಂದಕ್ಕೆ 3 ರೂ.ನಂತೆ 3,000. ಕಲ್ಲುಪ್ಪು 3 ಕೆ.ಜಿ. 60. ಸಾಸಿವೆ 1.2 ಕೆ.ಜಿ. 144. ಬ್ಯಾಡಗಿ ಮೆಣಸು ಒಂದೂವರೆ ಕೆ.ಜಿ. 450. ಅರಿಶಿನ ಮತ್ತೆ ಇತರೆ 96. ಒಟ್ಟು 3,750 ರೂ. ತೊಟ್ಟು ಮುರಿದದ್ದು, ಚುಕ್ಕೆ ಬಿದ್ದದ್ದು ಸುಮಾರು ನೂರು ಮಿಡಿ ಆರಿಸಿ ತೆಗೆಯುತ್ತೇವೆ. ಉಳಿದದ್ದರಲ್ಲಿ ಖಾರ ಸೇರಿ 12 ಕೆ.ಜಿ. ಉಪ್ಪಿನಕಾಯಿ ಆಗುತ್ತದೆ, ಅಂದರೆ 24 ಡಬ್ಬಿ. ಡಬ್ಬಿಗೆ 156 ರೂ. ಬಿತ್ತು. ಡಬ್ಬಿ, ಮುಚ್ಚಳ, ಲೇಬಲ್ ಸೇರಿ 22. ಒಟ್ಟು 178. ಅದರ ಮೇಲೆ ಶೇ. 20 ಲಾಭ ಇಟ್ಟರೆ 214, ಹಾಗಾಗಿ ಎಂಆರ್‌ಪಿ 215 ಅಂತ ಯೋಚಿಸಿದ್ದೆವು.

ಅಂಗಡಿಯವರು ಶೇ. 25 ಬಿಡಬೇಕು ಅಂದರು. ನಮ್ಮ ಲಾಭವೇ ಶೇ. 20 ಇರುವಾಗ ಅವರಿಗೆ 25 ಕೊಡುವುದು ಹೇಗೆ? ಜಿಎಸ್‌ಟಿ ಬೇರೆ ಸೇರಿಸಬೇಕಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಖಾತೆಕಿರ್ದಿ

215ಕ್ಕೆ ಅಂಗಡಿಗೆ ಹಾಕಿದರೆ ಲಾಭದ ಮಾತು ಹಾಗಿರಲಿ, ಪ್ರತಿ ಡಬ್ಬಿಗೂ ಲುಕ್ಸಾನು. ಅಂಗಡಿಯವರು ಕೇಳುವ ಶೇ. 25 ಎಂಆರ್‌ಪಿ ಮೇಲಿನ ಲೆಕ್ಕ. 215ರಲ್ಲಿ 25 ಅಂದರೆ 53.75 ಹೋಯಿತು, ನಿಮ್ಮ ಕೈಗೆ 161.25. ನೀವೇ ಬರೆದ ಖರ್ಚು 178.

ನೀವು ಹಾಕಿದ ಶೇ. 20 ಖರ್ಚಿನ ಮೇಲಿನದು, ಅಂಗಡಿಯವರ 25 ಮಾರುವ ದರದ ಮೇಲಿನದು. ಎರಡೂ ಒಂದೇ ಅಂದುಕೊಂಡು ಕೈಸುಟ್ಟುಕೊಳ್ಳುವವರು ಬಹಳ. ಮಾರುವ ದರದಲ್ಲಿ ಶೇ. 20 ಉಳಿಯಬೇಕಾದರೆ ಖರ್ಚಿನ ಮೇಲೆ 25 ಏರಿಸಬೇಕು. 25 ಬಿಡಬೇಕಾದರೆ 33.33 ಏರಿಸಬೇಕು, 30 ಬಿಡಬೇಕಾದರೆ ಹತ್ತಿರ ಹತ್ತಿರ 43. ಕೂಡಿಸುವ ಬದಲು ಭಾಗಿಸಿದರೆ ತಪ್ಪು ಬರುವುದಿಲ್ಲ: ಶೇ. 25 ಬಿಡುವುದಿದ್ದರೆ ನಿಮ್ಮ ದರವನ್ನು 0.75ರಿಂದ, 20 ಬಿಡುವುದಿದ್ದರೆ 0.80ರಿಂದ ಭಾಗಿಸಿ.

ಇನ್ನು 178 ಅನ್ನುವುದೇ ಪೂರ್ತಿ ಖರ್ಚಲ್ಲ. ಒಂದೊಂದಾಗಿ ನೋಡೋಣ.

ಮೊದಲು ಡಬ್ಬಿಯ ಸಂಖ್ಯೆ. 12 ಕೆ.ಜಿ. ತಯಾರಾದರೆ 24 ಡಬ್ಬಿ ಮಾರಾಟವಾಗುವುದಿಲ್ಲ. ಪಾತ್ರೆ, ಸೌಟಿಗೆ ಅಂಟಿದ್ದು, ಅಂಗಡಿಯವರಿಗೆ ರುಚಿ ನೋಡಲು ಕೊಟ್ಟದ್ದು, ಮುಚ್ಚಳ ಸೋರಿ ವಾಪಸು ಬಂದದ್ದು ಕಳೆದು 22 ಹಿಡಿಯಿರಿ. 3,750ನ್ನು 22ರಿಂದ ಭಾಗಿಸಿದರೆ 170.50. ಅಲ್ಲಿಗೆ ನಿಮ್ಮ ಲೆಕ್ಕಕ್ಕಿಂತ 14 ರೂ. ಹೆಚ್ಚಾಯಿತು. ಹಾಳಾದ ಡಬ್ಬಿಯ ಬೆಲೆಯೂ ಸೇರಿ ಡಬ್ಬಿ–ಲೇಬಲ್‌ಗೆ 22ರ ಬದಲು 23.

ನಿಮ್ಮ ಪಟ್ಟಿಯಲ್ಲಿ ಕೂಲಿ ಎಲ್ಲೂ ಇಲ್ಲ. ಮಿಡಿ ಆರಿಸುವುದು, ತೊಳೆದು ಒರೆಸುವುದು, ಉಪ್ಪಿಗೆ ಹಾಕಿ ದಿನಾ ಕೈಯಾಡಿಸುವುದು, ಖಾರ ಬೀಸಿ ಕಲಸುವುದು, ತುಂಬಿ ಲೇಬಲ್ ಅಂಟಿಸುವುದು, ಎಲ್ಲ ಸೇರಿ ಸಾವಿರ ಮಿಡಿಗೆ 16 ತಾಸು ಅಂತ ಹಿಡಿಯೋಣ. ತಾಸಿಗೆ 60 ರೂ.ನಂತೆ 960, ಡಬ್ಬಿಗೆ 43.60. ಮನೆಯವರೇ ಮಾಡುತ್ತೇವಲ್ಲ ಅಂತ ಸೊನ್ನೆ ಬರೆಯಬೇಡಿ. ನಾಳೆ ನಾಲ್ವರಲ್ಲಿ ಒಬ್ಬರಿಗೆ ಬರಲಾಗದೆ ಆಳು ಕರೆದ ದಿನ ಆ ಹಣ ಎಲ್ಲಿಂದ ತರುತ್ತೀರಿ? ತಾಸಿನ ಲೆಕ್ಕ ಊಹೆಯಲ್ಲಿ ಬೇಡ, ಮುಂದಿನ ಸಲ ಗಡಿಯಾರ ನೋಡಿ ಬರೆದಿಡಿ.

ಗ್ಯಾಸು, ಕರೆಂಟು, ಪೇಟೆಗೆ ಸಾಗಿಸುವುದು ಸೇರಿ ಸಾವಿರಕ್ಕೆ 220, ಡಬ್ಬಿಗೆ 10.

ಈ ಕಸುಬಿನಲ್ಲಿ ಎಲ್ಲರೂ ಬಿಟ್ಟುಬಿಡುವ ಖರ್ಚು ಕಟ್ಟಿಬಿದ್ದ ಹಣದ ಬಡ್ಡಿ. ಮಿಡಿಗೆ ಮಾರ್ಚ್‌ನಲ್ಲೇ ಪೂರ್ತಿ ಹಣ ಕೊಡುತ್ತೀರಿ, ಮಾರಿ ಬರುವುದು ಮುಂದಿನ ಮಾರ್ಚ್‌ವರೆಗೂ ಚೂರುಚೂರಾಗಿ. ಅಂಗಡಿಯವರ ಉದ್ರಿಯೂ ಸೇರಿ ಸರಾಸರಿ ಏಳು ತಿಂಗಳು. ಮಿಡಿ, ಉಪ್ಪಿನ 3,060 ರೂ.ಗೆ ವರ್ಷಕ್ಕೆ ಶೇ. 12ರಂತೆ 214 ರೂ., ಡಬ್ಬಿಗೆ 10. ಸಂಘದ ಸಾಲ ತೆಗೆದಿದ್ದರೆ ಅಲ್ಲಿನ ನಿಜವಾದ ಬಡ್ಡಿದರ ಹಾಕಿಕೊಳ್ಳಿ.

ಕೊನೆಗೆ ಮಾಡಿದರೂ ಬಿಟ್ಟರೂ ತಪ್ಪದ ವಾರ್ಷಿಕ ಖರ್ಚು: ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಲ್ಯಾಬ್ ಪರೀಕ್ಷೆ, ಮಿಕ್ಸರ್ ರಿಪೇರಿ, ಡ್ರಮ್ಮು–ಭರಣಿಗಳ ಸವಕಳಿ, ಫೋನು. ವರ್ಷಕ್ಕೆ 4,400 ಅಂತಿಟ್ಟುಕೊಂಡರೆ, 8,000 ಮಿಡಿಗೆ 176 ಡಬ್ಬಿ, ಡಬ್ಬಿಗೆ 25. ಡಬ್ಬಿ ಹೆಚ್ಚಾದಂತೆ ಕಡಿಮೆಯಾಗುವ ಖರ್ಚು ಇದೊಂದೇ. 16,000 ಮಿಡಿ ಹಾಕಿದರೆ ಇದು ಹನ್ನೆರಡೂವರೆಗೆ ಇಳಿಯುತ್ತದೆ, ಆದರೆ ಮಿಡಿಯ ಖರ್ಚು ಒಂದು ರೂಪಾಯಿಯೂ ಇಳಿಯುವುದಿಲ್ಲ.

ಕೂಡಿ: 170.50, 23, 43.60, 10, 10, 25. ಒಟ್ಟು 282. ಮಾರುವ ದರದಲ್ಲಿ ಶೇ. 15 ನಿಮಗೆ ಉಳಿಯಬೇಕಾದರೆ 282ನ್ನು 0.85ರಿಂದ ಭಾಗಿಸಿ, 332. ಅಂಗಡಿಗೆ ಶೇ. 25 ಬಿಡಲು ಅದನ್ನು 0.75ರಿಂದ ಭಾಗಿಸಿದರೆ ಎಂಆರ್‌ಪಿ 443.

---

ಮಿಡಿಭರಣಿ, ಶಿರಸಿ

443! ಪಕ್ಕದಲ್ಲೇ ಬೇರೆಯವರ ಅರ್ಧ ಕೆ.ಜಿ. ಡಬ್ಬಿ 300ರ ಆಸುಪಾಸಿಗೆ ಸಿಗುತ್ತದೆ. ಈ ದರಕ್ಕೆ ಯಾರು ತೆಗೆದುಕೊಳ್ಳುತ್ತಾರೆ?

---

ಪೇಟೆಬೀದಿ, ಕುಮಟಾ

ತಗೊಳ್ಳೋದಿಲ್ಲ ಅಕ್ಕಾ. ಮೇಲಿನವರ ಲೆಕ್ಕ ಬರೋಬ್ಬರಿ ಇದೆ. ಆದರೆ ಗಿರಾಕಿ ನಿಮ್ಮ ಖರ್ಚು ನೋಡಿ ಕೊಳ್ಳೋದಿಲ್ಲ, ಪಕ್ಕದ ಡಬ್ಬಿ ನೋಡಿ ಕೊಳ್ತಾನೆ. ಅದಕ್ಕೇ ಲೆಕ್ಕವನ್ನ ಒಮ್ಮೆ ಖರ್ಚಿನಿಂದ ಮೇಲಕ್ಕೆ, ಇನ್ನೊಮ್ಮೆ ಕಪಾಟಿನ ದರದಿಂದ ಕೆಳಕ್ಕೆ ಹಾಕಬೇಕು. ಎರಡೂ ಕೂಡದೇ ಇದ್ರೆ ದರ ತಿದ್ದೋದಕ್ಕಿಂತ ಮಾಲು, ಅಳತೆ, ಮಾರೋ ಜಾಗ ತಿದ್ದಬೇಕು.

ಕೆಳಕ್ಕೆ ಬನ್ನಿ. ನಿಜವಾದ ಅಪ್ಪೆಮಿಡಿ, ಸೊನೆಯ ಪರಿಮಳ ಇದೆ ಅಂದ್ರೆ ಅರ್ಧ ಕೆ.ಜಿ.ಗೆ 360 ಅಂತಿಟ್ಕೊಳ್ಳಿ. ಅಂಗಡಿಗೆ ಶೇ. 20 ಬಿಟ್ರೂ ನಿಮಗೆ 288. ಖರ್ಚು 282. ಉಳಿದದ್ದು 6 ರೂಪಾಯಿ, ಒಂದು ಡಬ್ಬಿ ಸೋರಿದ್ರೆ ಐವತ್ತು ಡಬ್ಬಿ ಲಾಭ ಹೋಯ್ತು. ಅರ್ಧ ಕೆ.ಜಿ. ಅಂಗಡಿ ಮಾಲೇ ಅಲ್ಲ, ಅದನ್ನ ಮನೆಯಿಂದ, ಫೋನ್ ಆರ್ಡರಿನ ಮೇಲೆ ನೇರ ಮಾರಿ. 360ಕ್ಕೆ ನೇರ ಹೋದ್ರೆ 78 ಉಳಿಯುತ್ತೆ. ಕೊರಿಯರ್ ಖರ್ಚು ಬೇರೆ ಹಾಕಿ, ದರದೊಳಗೆ ನುಂಗಿಸಬೇಡಿ.

ಅಂಗಡಿಗೆ ಕಾಲು ಕೆ.ಜಿ. ಮಾಡಿ. ಮಾಲಿನ ಖರ್ಚು ಅರ್ಧ, 85.25. ಚಿಕ್ಕ ಡಬ್ಬಿ ಅರ್ಧ ಬೆಲೆಗೆ ಸಿಗೋದಿಲ್ಲ, 16 ಹಿಡೀರಿ. ತುಂಬೋ ಕೆಲಸ ಎರಡು ಪಟ್ಟು ಆಗೋದ್ರಿಂದ ಕೂಲಿ 25. ಸಾಗಾಟ 5, ಬಡ್ಡಿ 5, ವಾರ್ಷಿಕದ್ದು 12.50. ಹತ್ತಿರ 149. ಎಂಆರ್‌ಪಿ 220 ಇಟ್ಟು ಶೇ. 20 ಬಿಟ್ರೆ ಕೈಗೆ 176, ಉಳಿದದ್ದು 27, ಅಂದ್ರೆ ಶೇ. 15. ಇನ್ನೂರು ಚಿಲ್ರೆ ಅಂದಾಗ ಯಾಣಕ್ಕೋ ಸಹಸ್ರಲಿಂಗಕ್ಕೋ ಬಂದ ಪ್ರವಾಸಿ ಹೆಚ್ಚು ಯೋಚನೆ ಮಾಡೋದಿಲ್ಲ. ಅದೇ ಮಾಲು ಅರ್ಧ ಕೆ.ಜಿ.ಗೆ 415 (332ನ್ನ 0.80ರಿಂದ ಭಾಗಿಸಿದ್ದು) ಅಂದ್ರೆ ತಿರುಗಿಸಿ ನೋಡಿ ಇಟ್ಟು ಹೋಗ್ತಾನೆ. ವರ್ಷಕ್ಕೆ ನೂರಾರು ಮಿಡಿ ತಿನ್ನೋ ಊರ ಗಿರಾಕಿಗೆ ಮಾತ್ರ ಕಾಲು ಕೆ.ಜಿ. ತೋರಿಸಬೇಡಿ, ಅವರಿಗೆ ಖಾರ ಹಾಕದ ಉಪ್ಪು ಮಿಡಿಯನ್ನೇ ಎಣಿಸಿ ಕೊಡಿ. ಡಬ್ಬಿ, ಮೆಣಸು, ಬೀಸೋ ಕೂಲಿ ಎಲ್ಲ ಉಳಿಯುತ್ತೆ, ಹಣವೂ ಬೇಗ ತಿರುಗುತ್ತೆ.

ಶೇ. 25ರ ವಿಷಯ. ಅಂಗಡಿಯವನು ಕಮಿಷನ್ ಕೇಳುವಾಗ ಅದರ ಜೊತೆ ಇನ್ನೂ ಮೂರು ವಿಷಯ ಕೇಳಿ: ಹಣ ಯಾವಾಗ, ಮಾರದ ಮಾಲು ಯಾರದ್ದು, ಸೋರಿದ ಡಬ್ಬಿ ಯಾರದ್ದು. ನಗದು ಕೊಟ್ಟು ತಗೊಂಡು ವಾಪಸಿಲ್ಲ ಅಂದ್ರೆ 25 ಕೇಳೋದಕ್ಕೆ ಅರ್ಥ ಇದೆ, ಅಪಾಯ ಅವನದ್ದು. ಮಾರಿದ ಮೇಲೆ ಹಣ, ಉಳಿದದ್ದು ವಾಪಸು ಅಂದ್ರೆ ಅಪಾಯ ಎಲ್ಲ ನಿಮ್ಮದು, ಅದಕ್ಕೆ 15ರಿಂದ 18 ಸಾಕು. ನಮ್ಮಲ್ಲಿ ಆಗೋದು ತಿರುಗಾಮುರುಗಾ: ಮಾಲೂ ಉದ್ರಿ, ಕಮಿಷನ್ನೂ 25. ಮಾತುಕತೆ ಇರೋದು ಅಲ್ಲೇ. ಮೊದಲು 12 ಡಬ್ಬಿ ಮಾತ್ರ ಹಾಕಿ, ಅದರ ಹಣ ಬಂದ ಮೇಲೆ ಮುಂದಿನ 12. ಚೀಟಿಯಲ್ಲಿ ತಾರೀಕು, ಡಬ್ಬಿ ಸಂಖ್ಯೆ ಬರೆದು ಸಹಿ ಹಾಕಿಸಿ.

ಇನ್ನೊಂದು. ಡಬ್ಬಿ ಮೇಲೆ 220 ಬರೆದು ನಿಮ್ಮ ಮನೆ ಜಗಲಿಯಲ್ಲಿ 170ಕ್ಕೆ ಕೊಟ್ರೆ ಒಂದೇ ವಾರದಲ್ಲಿ ಅಂಗಡಿಯವನಿಗೆ ಗೊತ್ತಾಗುತ್ತೆ, ಮುಂದಿನ ಸಲ ಮಾಲು ಇಳಿಸ್ಕೊಳ್ಳೋದಿಲ್ಲ. ಎಂಆರ್‌ಪಿಗಿಂತ ಕಡಿಮೆಗೆ ಮಾರೋದು ಕಾನೂನಿಗೆ ಅಡ್ಡಿ ಇಲ್ಲ, ವ್ಯಾಪಾರಕ್ಕೆ ಅಡ್ಡಿ. ಹತ್ತು ರೂಪಾಯಿ ಬಿಡೋದಾದ್ರೆ ಬಿಡಿ, ಅಷ್ಟೇ.

---

ತೊಟ್ಟುಮಿಡಿ

ದರ ಏರಿಸುವ ಮೊದಲು ಮಿಡಿ ಕೊಳ್ಳುವ ಕರಾರು ತಿದ್ದಿ. 282ರಲ್ಲಿ ಮಿಡಿಯದ್ದೇ 136 ರೂ., ಹತ್ತಿರ ಅರ್ಧ. ಸಾವಿರಕ್ಕೆ ನೂರು ಆರಿಸಿ ಬಿಸಾಡುವುದಕ್ಕೂ ನೀವು 3 ರೂ. ಕೊಟ್ಟಿದ್ದೀರಿ. "ತೊಟ್ಟು ಇದ್ದದ್ದಕ್ಕೆ ಮಾತ್ರ ಲೆಕ್ಕ" ಅಂತ ಮೊದಲೇ ಮಾತಾಡಿ, ಎಣಿಸಿಕೊಳ್ಳುವಾಗಲೇ ಬೇರೆ ಮಾಡಿ ವಾಪಸು ಕೊಡಿ. 300 ರೂ. ಉಳಿದರೆ ಡಬ್ಬಿಗೆ 13.60. ಕೊಂಬೆ ಬಡಿದು ನೆಲಕ್ಕೆ ಉದುರಿಸಿದ ಮಿಡಿಗೆ ಪೆಟ್ಟು ಬಿದ್ದಿರುತ್ತದೆ. ಹೊರಗೆ ಕಾಣದಿದ್ದರೂ ಉಪ್ಪಿನಲ್ಲಿ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತದೆ. ಹತ್ತಿ ಕೊಯ್ದು ಹಗ್ಗದಲ್ಲಿ ಬುಟ್ಟಿ ಇಳಿಸಿದ ಮಿಡಿಗೆ ನಾಲ್ಕಾಣೆ ಹೆಚ್ಚು ಕೊಟ್ಟರೂ ಲಾಭವೇ. ತೊಟ್ಟು ಮುರಿದ ಆದರೆ ಗಟ್ಟಿ ಇರುವ ಮಿಡಿ ಬಂದೇ ಬಂದರೆ ಭರಣಿಗೆ ಹಾಕಬೇಡಿ, ಅಂದೇ ಕೊಚ್ಚಿ ಹೆಚ್ಚು ದಿನ ಇಡದ ಕೊಚ್ಚು ಉಪ್ಪಿನಕಾಯಿ ಮಾಡಿ ಸಂತೆಯಲ್ಲಿ ಕೊಡಿ.

ಉಪ್ಪು ಉಳಿಸಲು ಹೋಗಬೇಡಿ. ತೂಕದಲ್ಲಿ ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು ಬೇಕು. ಇಡೀ ಲೆಕ್ಕದಲ್ಲಿ ಉಪ್ಪಿನದ್ದು ಡಬ್ಬಿಗೆ 3 ರೂ.ಗಿಂತ ಕಡಿಮೆ. ಅದು ಕಡಿಮೆಯಾಗಿ ಮೇಲೆ ಬಿಳಿ ಹಾವಸೆ ಕಟ್ಟಿದರೆ ಇಡೀ ಭರಣಿ ಹೋಯಿತು.

ತೂಕದ ಕಡೆಗೂ ಗಮನ ಕೊಡಿ. ಕಣ್ಣಂದಾಜಿನಲ್ಲಿ ತುಂಬಿದರೆ 500ರ ಬದಲು 520 ಗ್ರಾಂ ಹೋಗುತ್ತದೆ. 20 ಗ್ರಾಂ ಅಂದರೆ ಮಾಲಿನ ಲೆಕ್ಕದಲ್ಲೇ 6.80 ರೂ., 176 ಡಬ್ಬಿಗೆ ಸುಮಾರು 1,200. ಡಿಜಿಟಲ್ ತಕ್ಕಡಿ ಒಂದೇ ವರ್ಷದಲ್ಲಿ ತನ್ನ ಹಣ ತಾನೇ ತೀರಿಸುತ್ತದೆ. ಕಡಿಮೆ ತುಂಬುವುದಂತೂ ತಪ್ಪೇ, ಲೇಬಲ್ ಮೇಲಿನ ತೂಕ ಒಳಗೆ ಇರಲೇಬೇಕು.

ಇನ್ನು ಮುಂದಿನ ವರ್ಷದ ದರ. ಹೂವು ಬಿಟ್ಟಾಗ ಮೋಡ, ಇಬ್ಬನಿ ಜೋರಾದರೆ ಹೂ ಕರಗಿ ಮಿಡಿ ಕಡಿಮೆ. ಆ ವರ್ಷ ಮಿಡಿ 3 ಇದ್ದದ್ದು 5 ಆದರೆ ಡಬ್ಬಿಯ ಖರ್ಚು 91 ರೂ. ಏರುತ್ತದೆ. ಮೆಣಸಿನ ದರ ಕೆ.ಜಿ.ಗೆ ನೂರು ರೂ. ಏರಿದರೂ ಡಬ್ಬಿಗೆ ಬೀಳುವುದು 7 ರೂ. ಮಾತ್ರ. ಹಾಗಾಗಿ ಮೆಣಸು ಏರಿತೆಂದು ವರ್ಷದ ಮಧ್ಯೆ ದರ ಬದಲಿಸುವುದು ಬೇಡ, ಮಿಡಿ ಕೊಂಡು ಮುಗಿದ ಕೂಡಲೇ ಏಪ್ರಿಲ್ ಕೊನೆಗೆ ಒಮ್ಮೆ ದರ ಗಟ್ಟಿ ಮಾಡಿ, ವರ್ಷಪೂರ್ತಿ ಅದೇ ಇರಲಿ. ಖಾಯಂ ಗಿರಾಕಿಗೆ ಕಾರಣ ಹೇಳಿದರೆ ಒಪ್ಪುತ್ತಾರೆ. ಮಿಡಿ ಇಲ್ಲದ ವರ್ಷ ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

---

ಖಾತೆಕಿರ್ದಿ

ಜಿಎಸ್‌ಟಿ ಪ್ರಶ್ನೆ ಉಳಿದಿತ್ತು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ನಿಮ್ಮದು ಲಕ್ಷದೊಳಗೆ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಹಾಕುವಂತಿಲ್ಲ. ಡಬ್ಬಿ, ಲೇಬಲ್ ಕೊಳ್ಳುವಾಗ ನೀವು ಕಟ್ಟಿದ ತೆರಿಗೆ ವಾಪಸು ಬರುವುದಿಲ್ಲ, ಅದು ಖರ್ಚಿನಲ್ಲೇ ಸೇರಬೇಕು. 22 ರೂ. ತೆರಿಗೆ ಸೇರಿದ ಬೆಲೆಯೇ ಅಂತ ಬಿಲ್ಲು ನೋಡಿಕೊಳ್ಳಿ.

ಒಂದು ಕಡೆ ಎಡವಬೇಡಿ. ಕಾರವಾರದಿಂದ ಗೋವಾ ಪಕ್ಕದಲ್ಲೇ ಇದೆ ಅಂತ ಕಾಣಕೋಣದ, ಮಡಗಾಂವಿನ ಅಂಗಡಿಗೆ ಡಬ್ಬಿ ಕಳಿಸಿದರೆ ಅದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಸರಕಿಗೆ ಆಗ 40 ಲಕ್ಷದ ವಿನಾಯಿತಿ ಇಲ್ಲ, ಮೊದಲ ಡಬ್ಬಿಗೇ ನೋಂದಣಿ ಬೇಕು. ಉಪ್ಪಿನಕಾಯಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5, ಮೊದಲು 12 ಇತ್ತು. ನೋಂದಣಿ ಆದ ಮೇಲೆ ತೆರಿಗೆ ಎಂಆರ್‌ಪಿಯ ಒಳಗೇ ಇರುತ್ತದೆ: 360ರಲ್ಲಿ ತೆರಿಗೆ 18 ಅಲ್ಲ, 360ನ್ನು 105ರಿಂದ ಭಾಗಿಸಿ 5ರಿಂದ ಗುಣಿಸಿದರೆ 17.14.

ಲೇಬಲ್ ಮೇಲೆ ಎಂಆರ್‌ಪಿ ಜೊತೆ "ಎಲ್ಲ ತೆರಿಗೆ ಸೇರಿ" ಅಂತ ಇರಬೇಕು. ಒಂದು ಕೆ.ಜಿ.ಗಿಂತ ಕಡಿಮೆಯ ಪೊಟ್ಟಣಕ್ಕೆ ಗ್ರಾಂ ದರವನ್ನೂ ಬರೆಯಬೇಕು. 500 ಗ್ರಾಂಗೆ 360 ಅಂದರೆ ಗ್ರಾಂಗೆ 0.72, 250 ಗ್ರಾಂಗೆ 220 ಅಂದರೆ 0.88. ಎರಡೂ ಡಬ್ಬಿ ಅಕ್ಕಪಕ್ಕ ಇಟ್ಟರೆ ಗಿರಾಕಿಗೆ ವ್ಯತ್ಯಾಸ ಕಂಡೇ ಕಾಣುತ್ತದೆ, ಹಾಗಾಗಿ ಅಂಗಡಿಗೆ ಕಾಲು ಕೆ.ಜಿ. ಮಾತ್ರ ಅನ್ನುವ ಸಲಹೆ ಸರಿ.

---

ಹಲಸುಹಪ್ಪಳ, ಸಿದ್ದಾಪುರ

ಇದೇ ಲೆಕ್ಕ ಹಲಸಿನ ಹಪ್ಪಳಕ್ಕೂ ಹಾಕಬಹುದಾ? ಹಲಸು ಮನೆಯದ್ದೇ, ಅದಕ್ಕೆ ಖರ್ಚಿಲ್ಲ.

---

ತೊಟ್ಟುಮಿಡಿ

ಹಾಕಬಹುದು, ಆದರೆ ಅಲ್ಲಿ ತಲೆಕೆಳಗು. ಮಾಲು ಅಗ್ಗ, ಕೂಲಿಯೇ ಎಲ್ಲ. ಕಾಯಿ ಬಿಡಿಸುವುದು, ಬೇಯಿಸುವುದು, ರುಬ್ಬುವುದು, ಒತ್ತುವುದು, ಒಣಗಿಸಿ ಮಗುಚುವುದು, ಪ್ರತಿಯೊಂದರ ತಾಸು ಬರೆದು ಒಳ್ಳೆಯ ಹಪ್ಪಳದ ಸಂಖ್ಯೆಯಿಂದ ಭಾಗಿಸಿ. ಒಡೆದದ್ದನ್ನು ಎಣಿಸಬೇಡಿ. ಮನೆಯ ಹಲಸಿಗೂ ಮರ ಹತ್ತುವವನ ಕೂಲಿ ಇದೆಯಲ್ಲ, ಸೊನ್ನೆ ಬರೆಯಬೇಡಿ. ಮಳೆ ಹಿಡಿಯುವ ಮೊದಲು ಒಣಗಿಸಿ ಮುಗಿಯಬೇಕು. ಮಳೆಯಲ್ಲಿ ಅರ್ಧ ಒಣಗಿದ ಹಪ್ಪಳ ಬೂಸಲು ಬರುತ್ತದೆ, ಆ ನಷ್ಟವೂ ಲೆಕ್ಕಕ್ಕೆ ಬರಲಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ.

---

ಮಿಡಿಭರಣಿ, ಶಿರಸಿ

ಎಲ್ಲರಿಗೂ ತುಂಬಾ ಉಪಕಾರ. ಅರ್ಧ ಕೆ.ಜಿ. 360 ನೇರ ಮಾರಾಟಕ್ಕೆ, ಕಾಲು ಕೆ.ಜಿ. 220 ಅಂಗಡಿಗೆ ಅಂತ ನಾಲ್ವರೂ ಒಪ್ಪಿದ್ದೇವೆ. ಮಿಡಿ ಎಣಿಸುವ ಕರಾರೂ ಈ ಸಲದಿಂದಲೇ. ಇನ್ನೆರಡು ಪ್ರಶ್ನೆ: ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕಿದರೆ ಹೇಗೆ? ಮತ್ತೆ 215 ಅಂತ ಮುದ್ರಿಸಿದ 300 ಲೇಬಲ್ ಮನೆಯಲ್ಲಿದೆ, ಮೇಲೆ 360ರ ಚೀಟಿ ಅಂಟಿಸಬಹುದಾ?

---

ಪೇಟೆಬೀದಿ, ಕುಮಟಾ

ಲೇಬಲ್ ಮೇಲೆ ಚೀಟಿ ಬೇಡ. ಎಂಆರ್‌ಪಿ ಇಳಿಸೋದಕ್ಕೆ ಮಾತ್ರ ಚೀಟಿ ಅಂಟಿಸಬಹುದು, ಅದೂ ಹಳೆ ದರ ಮುಚ್ಚದ ಹಾಗೆ. ಏರಿಸೋದಕ್ಕೆ ಅಂಟಿಸಿದ್ರೆ ದಂಡ. ಆ 300 ಲೇಬಲ್ ಬಿಟ್ಟುಬಿಡಿ, ಒಂದು ಡಬ್ಬಿಗೆ 145 ರೂಪಾಯಿ ಕಳಕೊಳ್ಳೋದಕ್ಕಿಂತ ಅದು ಅಗ್ಗ. ಮುಂದೆ ಮುದ್ರಿಸುವಾಗ ದರ, ಗ್ರಾಂ ದರ, ತಯಾರಿಸಿದ ತಿಂಗಳು ಮೂರೂ ಜಾಗ ಖಾಲಿ ಬಿಡ್ಸಿ, ಡಬ್ಬಿ ತುಂಬಿದ ದಿನ ಅಳಿಸದ ಶಾಯಿಯ ಮೊಹರು ಹಾಕಿ.

ಜಾತ್ರೆಗೆ ಲೆಕ್ಕ ಬೇರೆ. ವಾರ್ಷಿಕ ಖರ್ಚಿನ 25 ಮಳಿಗೆ ಹಾಕಿದ್ರೂ ಹಾಕದಿದ್ರೂ ಇದ್ದದ್ದೇ, ಅದನ್ನ ಬಿಡಿ. ಡಬ್ಬಿಗೆ ನಿಜವಾಗಿ ಕೈಯಿಂದ ಹೋಗೋದು 257. 360ಕ್ಕೆ ಮಾರಿದ್ರೆ 103 ಉಳೀತು. ಮಳಿಗೆ ಬಾಡಿಗೆ 5,000, ಕೂರೋರ ಕೂಲಿ, ಊಟ, ಗಾಡಿ 2,200 ಅಂದ್ರೆ 7,200ನ್ನ 103ರಿಂದ ಭಾಗಿಸಿ, 70 ಡಬ್ಬಿ. ಎಪ್ಪತ್ತು ಹೋಗೋವರೆಗೆ ಒಂದು ಪೈಸೆ ಲಾಭ ಇಲ್ಲ. ನಿಮ್ಮ ಇಡೀ ವರ್ಷದ ಮಾಲೇ 176. ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಹೊಸ ಮಿಡಿ ಬರೋ ಹೊತ್ತಿಗೆ, ಆಗ ಭರಣಿಯ ತಳದಲ್ಲಿ ಎಷ್ಟಿರುತ್ತೆ ಅಂತ ಮೊದಲು ನೋಡ್ಕೊಳ್ಳಿ. ಇಡೀ ಮಳಿಗೆ ಬೇಡ, ಹಪ್ಪಳ, ತೊಡದೇವು ಮಾಡೋ ಇನ್ನೊಂದೆರಡು ಗುಂಪಿನವರ ಜೊತೆ ಬಾಡಿಗೆ ಪಾಲು ಮಾಡ್ಕೊಳ್ಳಿ. ನಿಮ್ಮ ಪಾಲಿಗೆ 2,400 ಬಂದ್ರೆ 24 ಡಬ್ಬಿಗೆ ಖರ್ಚು ಹುಟ್ಟುತ್ತೆ. ಒಬ್ಬೊಬ್ಬರ ಬಿಲ್ ಪುಸ್ತಕ ಮಾತ್ರ ಬೇರೆ ಬೇರೆ ಇರಲಿ.